ಹಳೆ ವಠಾರ, ಕೋಷರ್ ಅಂಗಡಿ: ನ್ಯೂಯಾರ್ಕಿಗೆ ಬಂದಿಳಿದ ಕನ್ನಡಿಗರಿಗೆ

ಬಾಡಿಗೆ ಎಷ್ಟು ಎಂದು ಕೇಳಿದ ಕೂಡಲೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ: ಕಟ್ಟಡ ಯಾವ ಇಸವಿಯದು? ನ್ಯೂಯಾರ್ಕಿನಲ್ಲಿ ಆ ಒಂದು ಅಂಕಿ ಸಿಕ್ಕರೆ ಗೋಡೆಯೊಳಗೆ ಏನಿದೆ, ಚಳಿಗಾಲದಲ್ಲಿ ಕಾವು ಎಲ್ಲಿಂದ ಬರುತ್ತದೆ, ಮಗುವನ್ನು ಯಾವ ಕಿಟಕಿಯಿಂದ ದೂರ ಇಡಬೇಕು ಎಲ್ಲವೂ ಮುಕ್ಕಾಲು ಪಾಲು ತಿಳಿದಂತೆ. ಹಾಗೆಯೇ ಅಂಗಡಿಯ ಪೊಟ್ಟಣದ ಮೂಲೆಯಲ್ಲಿರುವ ಕಡಲೆಕಾಳಿನಷ್ಟು ದೊಡ್ಡ ಗುರುತನ್ನು ಓದಲು ಕಲಿತರೆ ಸಸ್ಯಾಹಾರಿಗಳ ಅರ್ಧ ತಲೆನೋವು ಕಳೆಯಿತು.

ಎರಡೂ ಒಂದೇ ಓಣಿಯಿಂದ ಬಂದವು. 1880ರ ದಶಕದಿಂದ 1924ರವರೆಗೆ ಪೂರ್ವ ಯುರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ಮೊದಲು ನೆಲೆ ನಿಂತದ್ದು ಮ್ಯಾನ್‌ಹಟನ್ನಿನ ಲೋವರ್ ಈಸ್ಟ್ ಸೈಡ್‌ನ ಇಟ್ಟಿಗೆ ವಠಾರಗಳಲ್ಲಿ. ಆ ವಠಾರಗಳು ಇವತ್ತಿಗೂ ಬಾಡಿಗೆಗೆ ಸಿಗುತ್ತವೆ. ಕೋಷರ್ ಎಂಬ ಯಹೂದಿ ಆಹಾರ ನಿಯಮದ ನೆರಳಿನಲ್ಲಿ ಬೆಳೆದ ಅವರ ಅಡುಗೆ ಇವತ್ತು ಇಡೀ ಊರಿನ ಬೆಳಗಿನ ತಿಂಡಿ. ಹೊಸಬರು ಎರಡರಲ್ಲೂ ಎಡವುವುದು ಒಂದೇ ಕಡೆ: ಹೊರಗಿನ ತೊಗಟೆ ನೋಡಿ ಒಳಗಿನ ತಿರುಳನ್ನು ಊಹಿಸಿಬಿಡುತ್ತಾರೆ.

ಇಸವಿಯ ಲೆಕ್ಕ

1901ಕ್ಕಿಂತ ಮೊದಲಿನ ವಠಾರಗಳಿಗೆ ಇಲ್ಲಿ ಓಲ್ಡ್ ಲಾ ಕಟ್ಟಡ ಎನ್ನುತ್ತಾರೆ. ಅದರಲ್ಲೂ 1879ರ ಕಾನೂನಿನಂತೆ ಕಟ್ಟಿದವುಗಳಿಗೆ ಸೊಂಟ ಸಣ್ಣ. ಪಕ್ಕದ ಕಟ್ಟಡದ ಸೊಂಟಕ್ಕೂ ಇದರ ಸೊಂಟಕ್ಕೂ ನಡುವೆ ಬಾವಿಯಂಥ ಇಕ್ಕಟ್ಟಾದ ಗಾಳಿಗಂಡಿ, ಒಳಕೋಣೆಗಳ ಕಿಟಕಿ ತೆರೆಯುವುದು ಅದಕ್ಕೇ. ಬೆಳಕು ಹೆಸರಿಗಷ್ಟೇ. 1901ರ ಕಾನೂನು ಬಂದ ಮೇಲೆ ಗಂಡಿ ಹೋಗಿ ಅಂಗಳವಾಯಿತು, ಮನೆಗೊಂದು ಪಾಯಿಖಾನೆ ಕಡ್ಡಾಯವಾಯಿತು. ಮನೆ ನೋಡಲು ಹೋದಾಗ ಅಡುಗೆಮನೆಯ ಕಿಟಕಿ ತೆರೆದು ತಲೆ ಹೊರಹಾಕಿ ನೋಡಿ. ಎದುರಿಗೆ ಕೈಗೆಟಕುವಷ್ಟು ದೂರದಲ್ಲಿ ಇನ್ನೊಂದು ಕಿಟಕಿ ಕಂಡರೆ, ನಿಮ್ಮ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ನೇರವಾಗಿ ಆ ಮನೆಯವರ ಹಾಸಿಗೆಗೆ ಹೋಗುತ್ತದೆ ಎಂದರ್ಥ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಬಿಡುತ್ತದೆಯೋ, ಬರೀ ಜಾಲರಿಯಲ್ಲಿ ಸೋಸಿ ಮತ್ತೆ ಕೋಣೆಗೇ ಊದುತ್ತದೆಯೋ ಎಂಬುದನ್ನೂ ಆಗಲೇ ಕೇಳಿ. ಹಳೆ ಕಟ್ಟಡಗಳಲ್ಲಿ ಎರಡನೆಯದೇ ಹೆಚ್ಚು.

ಇನ್ನೊಂದು ಇಸವಿ 1960. ಸೀಸವಿರುವ ಬಣ್ಣವನ್ನು ಮನೆಗೆ ಬಳಿಯುವುದನ್ನು ನಗರ ಆ ವರ್ಷ ನಿಷೇಧಿಸಿತು. ಅದಕ್ಕೆ ಮೊದಲಿನ ವಠಾರಗಳಲ್ಲಿ ಸೀಸದ ಬಣ್ಣ ಇದ್ದೇ ಇದೆ ಎಂದು 2004ರ ಸ್ಥಳೀಯ ಕಾನೂನು ಭಾವಿಸುತ್ತದೆ. ಆರು ವರ್ಷದೊಳಗಿನ ಮಗು ಇದೆಯೇ ಎಂದು ಮನೆಯ ಮಾಲೀಕರು ಪ್ರತಿ ಜನವರಿಯಲ್ಲಿ ಒಂದು ಚೀಟಿ ಕಳಿಸಬೇಕು. ಅದನ್ನು ಜಾಹೀರಾತು ಎಂದು ಬಿಸಾಡಬೇಡಿ, ತುಂಬಿ ಫೆಬ್ರವರಿ 15ರೊಳಗೆ ವಾಪಸು ಕೊಡಿ. ಆಮೇಲೆ ಮನೆ ಪರೀಕ್ಷಿಸಿ ಸರಿಮಾಡಿಸುವ ಹೊಣೆ ಅವರದು. ಮಾಡದಿದ್ದರೆ ನಗರದ ಸಹಾಯವಾಣಿ 311ಕ್ಕೆ ಫೋನು ಮಾಡಿ. ಗೋಡೆಯ ಬಣ್ಣಕ್ಕಿಂತ ಅಪಾಯ ಕಿಟಕಿಯದು: ಮೇಲೆ ಕೆಳಗೆ ಜಾರುವ ಹಳೆ ಮರದ ಚೌಕಟ್ಟು ತಿಕ್ಕಿ ತಿಕ್ಕಿ ಪುಡಿ ಉದುರುತ್ತದೆ, ತೆವಳುವ ಮಗುವಿನ ಕೈಗೆ ಅಂಟುತ್ತದೆ. ಪೊರಕೆಯಲ್ಲಿ ಗುಡಿಸಿದರೆ ಅದು ಗಾಳಿಗೇಳುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಒಣ ಬಣ್ಣವನ್ನು ಉಪ್ಪುಕಾಗದದಿಂದ ನೀವೇ ಉಜ್ಜಲು ಹೋಗಬೇಡಿ. ಒಂದನೇ ಮತ್ತು ಎರಡನೇ ವಯಸ್ಸಿನಲ್ಲಿ ವೈದ್ಯರು ಮಗುವಿನ ರಕ್ತದಲ್ಲಿ ಸೀಸ ಪರೀಕ್ಷಿಸುತ್ತಾರೆ. ಅಂಕಿ ಹೆಚ್ಚು ಬಂದರೆ ಊರಿಂದ ತಂದ ಸಿಂಧೂರ, ಬಿಡಿ ಅರಿಸಿನಪುಡಿಯ ಬಗ್ಗೆಯೂ ಕೇಳುತ್ತಾರೆ. ಸಂಕೋಚಪಡದೆ ಇದ್ದದ್ದು ಹೇಳಿ, ಅಂಥ ಪುಡಿಗಳಲ್ಲಿ ಸೀಸ ಸಿಕ್ಕಿದ್ದುಂಟು.

ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿದ್ದರೆ ಕಿಟಕಿಗೆ ಸರಳಿನ ತಡೆ ಹಾಕಿಸುವುದೂ ಮಾಲೀಕರ ಕೆಲಸ.

ಗೋಡೆಗೆ ಮೊಳೆ

ಎರಡನೇ ಮಹಾಯುದ್ಧಕ್ಕೆ ಮೊದಲಿನ ಮನೆಗಳ ಒಳಗೋಡೆ ನಮ್ಮ ಇಟ್ಟಿಗೆ ಗೋಡೆಯಲ್ಲ, ಈಗಿನ ಜಿಪ್ಸಮ್ ಹಲಗೆಯೂ ಅಲ್ಲ. ನಿಲುಗಂಬಗಳ ಮೇಲೆ ಹಂಚಿನ ಮಾಡಿನ ರೀಪಿನಂಥ ಸಣ್ಣ ಪಟ್ಟಿಗಳನ್ನು ಅಡ್ಡಡ್ಡ ಹೊಡೆದು, ನಡುವೆ ಕಾಲು ಇಂಚಿನಷ್ಟು ಸಂದು ಬಿಟ್ಟು, ಮೇಲೆ ಮೂರು ಪದರ ಗಾರೆ ಮೆತ್ತಿರುತ್ತಾರೆ. ಮೊದಲ ಪದರದಲ್ಲಿ ಪ್ರಾಣಿಗಳ ಕೂದಲು ಕಲೆಸುತ್ತಿದ್ದರು, ಬಿರುಕು ಬಿಡದಿರಲಿ ಎಂದು. ಒತ್ತಿ ಮೆತ್ತಿದಾಗ ಗಾರೆ ಸಂದಿನಿಂದ ಹಿಂದಕ್ಕೆ ಉಕ್ಕಿ, ಕೊಕ್ಕೆಯಂತೆ ಬಾಗಿ ಗಟ್ಟಿಯಾಗುತ್ತದೆ. ಇಡೀ ಗೋಡೆಯನ್ನು ಹಿಡಿದಿರುವುದು ಆ ಕೊಕ್ಕೆಗಳೇ.

ಸುತ್ತಿಗೆಯಿಂದ ಮೊಳೆ ಹೊಡೆದರೆ ಪಟ್ಟಿ ಅದುರುತ್ತದೆ, ಹಿಂದಿನ ಕೊಕ್ಕೆಗಳು ಮುರಿಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಆರು ತಿಂಗಳ ಮೇಲೆ ಗೋಡೆ ಉಬ್ಬುತ್ತದೆ, ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು. ದೇವರ ಮಂಟಪವನ್ನೋ ಭಾರದ ಕಪಾಟನ್ನೋ ತೂಗುಹಾಕಬೇಕಾದರೆ ಹೀಗೆ ಮಾಡಿ: ಬಲವಾದ ಪುಟ್ಟ ಅಯಸ್ಕಾಂತವನ್ನು ಗೋಡೆಯ ಮೇಲೆ ಜಾರಿಸುತ್ತ ಹೋಗಿ. ಪಟ್ಟಿಗೆ ಹೊಡೆದ ಮೊಳೆಗಳು ಸಿಕ್ಕ ಕಡೆ ಅದು ಕಚ್ಚಿಕೊಳ್ಳುತ್ತದೆ. ಕಚ್ಚಿದ ಜಾಗಗಳು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿದ್ದರೆ ಅಲ್ಲಿ ನಿಲುಗಂಬವಿದೆ. ಸಾಮಾನ್ಯವಾಗಿ 16 ಇಂಚಿಗೊಂದು, ಆದರೆ ಹಳೆ ಬಡಗಿಗಳ ಅಳತೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಆ ಜಾಗಕ್ಕೆ ಟೇಪು ಅಂಟಿಸಿ, ಮೊದಲು ಸಣ್ಣ ಬಿಟ್ಟಿನಿಂದ ತೂತು ಕೊರೆದು, ಎರಡೂವರೆ ಇಂಚಿನ ತಿರುಪು ಹಾಕಿ. ಗಾರೆಯೇ ಮುಕ್ಕಾಲು ಇಂಚು ದಪ್ಪವಿರುತ್ತದೆ, ಆದ್ದರಿಂದ ಒಂದು ಇಂಚಿನ ತಿರುಪು ಮರವನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಅರ್ಧ ಇಂಚಿನ ಜಿಪ್ಸಮ್ ಹಲಗೆಗೆಂದು ಮಾರುವ ಪ್ಲಾಸ್ಟಿಕ್ ಬೆಣೆಗಳೂ ಇಲ್ಲಿ ನಿಲ್ಲುವುದಿಲ್ಲ. ಗೋಡೆಯ ಮೇಲಂಚಿನಲ್ಲಿ ಸುತ್ತಲೂ ಉಬ್ಬಿದ ಮರದ ಪಟ್ಟಿ ಇದ್ದರೆ ನಿಮ್ಮ ಅದೃಷ್ಟ. ಅದು ಚಿತ್ರ ತೂಗುಹಾಕಲೆಂದೇ ಇಟ್ಟದ್ದು, ಹಿತ್ತಾಳೆ ಕೊಕ್ಕೆ ಸಿಕ್ಕಿಸಿ ತಂತಿಯಲ್ಲಿ ಇಳಿಬಿಟ್ಟರೆ ಆಯಿತು.

ಗೋಡೆಯ ಹೊಟ್ಟೆಯೊಳಗೆ ಏನಿದೆ ಎಂದು ಕಣ್ಣಾರೆ ನೋಡಬೇಕೆಂದರೆ ಆರ್ಚರ್ಡ್ ಸ್ಟ್ರೀಟ್‌ನ 97ನೇ ನಂಬರಿನ ಟೆನಮೆಂಟ್ ಮ್ಯೂಸಿಯಮ್ಮಿಗೆ ಹೋಗಿ. 1863ರಲ್ಲಿ ಕಟ್ಟಿದ ವಠಾರ, 1935ರವರೆಗೆ ಸುಮಾರು 7,000 ಜನ ಬಾಳಿದ್ದು ಅಲ್ಲಿ. ಕೆಲವು ಕೋಣೆಗಳನ್ನು ದುರಸ್ತಿ ಮಾಡದೆ ಹಾಗೇ ಬಿಟ್ಟಿದ್ದಾರೆ.

ಹಬೆಯ ಕಾವು, ಕಬ್ಬಿಣದ ಏಣಿ

ಕಿಟಕಿ ಕೆಳಗಿನ ಎರಕದ ಕಬ್ಬಿಣದ ರೇಡಿಯೇಟರಿಗೆ ಒಂದೇ ಕೊಳವೆ ಬಂದಿದ್ದರೆ, ಹಬೆ ಬರುವುದೂ ಅದರಲ್ಲೇ, ತಣಿದ ನೀರು ಹಿಂದಿರುಗುವುದೂ ಅದರಲ್ಲೇ. ಹೀಗಾಗಿ ಅದರ ಕವಾಟವನ್ನು ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಕಾವು ಜಾಸ್ತಿಯಾಯಿತೆಂದು ಅರ್ಧ ತಿರುಗಿಸಿದರೆ ನೀರು ಒಳಗೇ ನಿಂತು, ಹಬೆ ಅದಕ್ಕೆ ಡಿಕ್ಕಿ ಹೊಡೆದು ನಡುರಾತ್ರಿಯಲ್ಲಿ ಕಮ್ಮಾರಸಾಲೆಯ ಸದ್ದು. ಕವಾಟ ಪೂರ್ತಿ ತೆರೆದಿದ್ದೂ ಬಡಿಯುತ್ತಿದ್ದರೆ ರೇಡಿಯೇಟರು ಸಮತಟ್ಟಾಗಿಲ್ಲವೆಂದು ಲೆಕ್ಕ. ಕವಾಟದ ಎದುರು ತುದಿಯ ಕಾಲುಗಳ ಕೆಳಗೆ ಸಣ್ಣ ಬೆಣೆ ಇಟ್ಟರೆ ನೀರು ಕವಾಟದ ಕಡೆಗೆ ಇಳಿದುಹೋಗುತ್ತದೆ. ಒಂದು ಬದಿ ಮಾತ್ರ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಪಕ್ಕದಲ್ಲಿರುವ ಗಾಳಿ ಬಿಡುವ ಪುಟ್ಟ ಗುಂಡಿ ಕಟ್ಟಿಕೊಂಡಿದೆ. ಕಟ್ಟಡದ ಸೂಪರ್‌ಗೆ ಹೇಳಿದರೆ ಬದಲಾಯಿಸುತ್ತಾರೆ. ಸೂಪರ್ ಅಂದರೆ ಕಟ್ಟಡದ ಮೇಸ್ತ್ರಿ, ಮನೆಪಾಲಕ, ಎಲ್ಲವೂ. ಅವರೊಡನೆ ಸ್ನೇಹ ಬೆಳೆಸಿಕೊಳ್ಳಿ.

ಅಕ್ಟೋಬರ್ 1ರಿಂದ ಮೇ 31ರವರೆಗೆ ಕಾವು ಕೊಡುವುದು ಕಾನೂನು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆಯಾದರೆ ಒಳಗೆ 68 ಇರಬೇಕು. ರಾತ್ರಿ ಹೊರಗೆ ಎಷ್ಟೇ ಇರಲಿ ಒಳಗೆ 62 ಇರಬೇಕು. ಒಂದು ಅಗ್ಗದ ಉಷ್ಣಮಾಪಕ ಇಟ್ಟುಕೊಂಡು, ಸಮಯ ಬರೆದುಕೊಂಡು ದೂರು ಕೊಟ್ಟರೆ ಮಾತಿಗೆ ತೂಕ ಬರುತ್ತದೆ.

ಕಟ್ಟಡದ ಮುಖದಲ್ಲಿ ಅಂಕುಡೊಂಕಾಗಿ ಇಳಿಯುವ ಕಬ್ಬಿಣದ ಏಣಿ ಮೆಟ್ಟಿಲು ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳಲು. ಬಿಸಿಲು ಚೆನ್ನಾಗಿ ಬೀಳುತ್ತದೆಂದು ಅಲ್ಲಿ ತುಳಸಿ ಕುಂಡ ಇಡುವವರಿದ್ದಾರೆ. ಇಡಕೂಡದು, ದಂಡವೂ ಬೀಳುತ್ತದೆ. ತುಳಸಿಗೆ ದಕ್ಷಿಣದ ಕಿಟಕಿಯ ಒಳಗಟ್ಟೆ ಸಾಕು.

ಕಂದುಗಲ್ಲಿನ ತೊಗಟೆ

ಮನೆ ಕೊಳ್ಳುವ ಹಂತಕ್ಕೆ ಬಂದವರಿಗೆ ಈ ಭಾಗ. ಬ್ರೂಕ್ಲಿನ್ ಮತ್ತು ಹಾರ್ಲೆಮ್‌ನ ಸಾಲುಮನೆಗಳಿಗೆ ಬ್ರೌನ್‌ಸ್ಟೋನ್ ಎಂದು ಹೆಸರು, ಆದರೆ ಮನೆ ಕಲ್ಲಿನದಲ್ಲ. ಗೋಡೆ ಇಟ್ಟಿಗೆಯದು, ಮುಂಭಾಗಕ್ಕೆ ಮಾತ್ರ ನಾಲ್ಕರಿಂದ ಆರು ಇಂಚು ದಪ್ಪದ ಕಂದು ಮರಳುಗಲ್ಲಿನ ಹೊದಿಕೆ. ಕಲ್ಲು ಬಹುಪಾಲು ಕನೆಕ್ಟಿಕಟ್‌ನ ಪೋರ್ಟ್‌ಲ್ಯಾಂಡ್ ಗಣಿಗಳದು, ಸ್ವಲ್ಪ ನ್ಯೂಜೆರ್ಸಿಯದು. ಮರಳುಗಲ್ಲು ಹುಟ್ಟುವುದೇ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ. ಪುಸ್ತಕವನ್ನು ಮಲಗಿಸಿದಂತೆ ಇಟ್ಟರೆ ಮೇಲಿನ ಭಾರ ಪದರಗಳನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಹಣ, ಸಮಯ ಉಳಿಸಲು ಪುಸ್ತಕವನ್ನು ನಿಲ್ಲಿಸಿ ಮುಖಪುಟ ಬೀದಿಗೆ ಕಾಣುವಂತೆ ಕೂರಿಸಿದರು. ಸಂದಿನಲ್ಲಿ ನೀರು ಹೋಗಿ, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಹಾಳೆಗಳು ಒಂದೊಂದಾಗಿ ಸುಲಿದು ಬೀಳುತ್ತವೆ. ಮುಂಬಾಗಿಲಿನ ಮೆಟ್ಟಿಲಿಗೆ ಹಿಮ ಕರಗಲೆಂದು ಕಲ್ಲುಪ್ಪು ಚೆಲ್ಲಿದರೆ ಇನ್ನೂ ಬೇಗ.

ಮನೆ ನೋಡುವಾಗ ಬೆರಳ ಗೆಣ್ಣಿನಿಂದ ಕಲ್ಲನ್ನು ಬಡಿಯಿರಿ. ಟೊಳ್ಳು ಸದ್ದು ಬಂದ ಜಾಗವೆಲ್ಲ ಖರ್ಚು. ಸರಿಯಾದ ದುರಸ್ತಿಯಲ್ಲಿ ಸಡಿಲ ಕಲ್ಲನ್ನು ಗಟ್ಟಿ ಕಲ್ಲು ಸಿಗುವವರೆಗೆ ಕೆತ್ತಿ, ಅಂಚುಗಳನ್ನು ಒಳಮುಖವಾಗಿ ಕೊರೆದು, ಒಂದು ಪಾಲು ಬಿಳಿ ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಒರಟು ಪದರ ಕೊಟ್ಟು, ಕೊನೆಗೆ ಕಂದುಗಲ್ಲಿನ ಪುಡಿ ಬೆರೆಸಿದ ಪದರ ಎಳೆಯುತ್ತಾರೆ. ಬರೀ ಬಣ್ಣ ಬಳಿದು ಅಥವಾ ನೀರು ಹೀರದ ಲೇಪ ಹಚ್ಚಿ ಮುಗಿಸಿದ ಮನೆಯನ್ನು ಅನುಮಾನದಿಂದ ನೋಡಿ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲು ಹಿಂದಿನಿಂದ ಕೊಳೆಯುತ್ತದೆ.

ಇಟ್ಟಿಗೆ ಸಂದುಗಳದೂ ಇದೇ ನ್ಯಾಯ. ಹಳೆ ಇಟ್ಟಿಗೆ ಮೆದು, ಅದರ ಸಂದಿನಲ್ಲಿರುವ ಸುಣ್ಣದ ಗಾರೆ ಇನ್ನೂ ಮೆದು. ತೇವ ಗಾರೆಯ ಮೂಲಕ ಹೊರಬಂದು, ಸವೆಯುವುದಿದ್ದರೆ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಬೆಂಗಳೂರಿನ ಹಳೆ ಬಡಾವಣೆಗಳ ಮದ್ರಾಸ್ ಟೆರೇಸ್ ಮನೆಗಳಲ್ಲಿ ಬೆಳೆದವರಿಗೆ ಸುಣ್ಣದ ಗಾರೆಯ ಈ ಗುಣ ಹೊಸದಲ್ಲ. ಅಗ್ಗದ ಗುತ್ತಿಗೆದಾರ ಅದನ್ನು ಕೆರೆದು ಗಟ್ಟಿ ಪೋರ್ಟ್‌ಲ್ಯಾಂಡ್ ಸಿಮೆಂಟು ತುಂಬಿದರೆ ತೇವ ಇಟ್ಟಿಗೆಯ ಮೂಲಕವೇ ಬರಬೇಕಾಗುತ್ತದೆ. ಹತ್ತು ಚಳಿಗಾಲದಲ್ಲಿ ಇಟ್ಟಿಗೆಯ ಮುಖ ಬಿರಿದು, ಸಿಮೆಂಟಿನ ಗೆರೆ ಮಾತ್ರ ಎದ್ದು ನಿಲ್ಲುತ್ತದೆ. ಗುತ್ತಿಗೆದಾರನಿಗೆ ಮೂರು ಪ್ರಶ್ನೆ ಸಾಕು: ಗಾರೆಯಲ್ಲಿ ಸುಣ್ಣ ಎಷ್ಟು ಪಾಲು? ಸಂದನ್ನು ಎಷ್ಟು ಆಳ ಕೆರೆಯುತ್ತೀರಿ? ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಎಂಬ ಉತ್ತರ ಬರಬೇಕು. ಉಳಿಯಿಂದ ಕೆರೆಯುತ್ತೀರೋ, ಗ್ರೈಂಡರಿನಿಂದಲೋ? ಕಿರಿದಾದ ಸಂದಿಗೆ ಗ್ರೈಂಡರು ಹಾಕಿದರೆ ಇಟ್ಟಿಗೆಯ ಅಂಚೂ ಹೋಗುತ್ತದೆ. 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಈ ಕೆಲಸ ಮಾಡಿಸಬೇಡಿ.

ಬೀದಿ ಸಂರಕ್ಷಿತ ಪ್ರದೇಶದಲ್ಲಿದ್ದರೆ ಹೊರಮುಖ, ಕಿಟಕಿ, ಮೆಟ್ಟಿಲು ಯಾವುದನ್ನು ಮುಟ್ಟುವುದಕ್ಕೂ ಲ್ಯಾಂಡ್‌ಮಾರ್ಕ್ಸ್ ಆಯೋಗದ ಅನುಮತಿ ಬೇಕು. 1965ರ ಕಾನೂನು ಅದು; ಮೊದಲ ಸಂರಕ್ಷಿತ ಪ್ರದೇಶ ಬ್ರೂಕ್ಲಿನ್ ಹೈಟ್ಸ್. ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಕಿಟಕಿ ಬದಲಾಯಿಸಿದ್ದರೆ ಆ ತಪ್ಪು ಮನೆಯ ಜೊತೆಗೇ ನಿಮ್ಮ ಹೆಗಲಿಗೆ ಬರುತ್ತದೆ. ಕಾಲುದಾರಿಯ ಮೇಲೆ ವರ್ಷಗಟ್ಟಲೆ ನಿಂತಿರುವ ಹಸಿರು ತಗಡು, ಹಲಗೆಯ ಚಪ್ಪರಗಳಿಗೂ ಕಾರಣವಿದೆ. 1979ರಲ್ಲಿ ಕಟ್ಟಡದಿಂದ ಕಲ್ಲು ಬಿದ್ದು ಒಬ್ಬ ವಿದ್ಯಾರ್ಥಿನಿ ಸತ್ತ ಮೇಲೆ ಬಂದ ನಿಯಮದಂತೆ, ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಹೊರಮುಖವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಅಪಾರ್ಟ್‌ಮೆಂಟ್ ಕೊಳ್ಳುವವರು ಮುಂದಿನ ಪರೀಕ್ಷೆ ಯಾವಾಗ, ಅದಕ್ಕೆಂದು ಸಂಘ ಹಣ ಎತ್ತಿಟ್ಟಿದೆಯೇ ಎಂದು ಕೇಳಲೇಬೇಕು.

ಚೌಕಟ್ಟಿನ ಬಲಗಡೆ

ಬಾಡಿಗೆ ಮನೆಯ ಬಾಗಿಲ ಚೌಕಟ್ಟಿನ ಬಲಗಡೆ, ಹೆಗಲೆತ್ತರದಲ್ಲಿ, ಬಣ್ಣದ ಮೇಲೆ ಬಣ್ಣ ಬಳಿದು ಮುಚ್ಚಿಹೋದ ಬೆರಳುದ್ದದ ಉಬ್ಬು ಕಂಡರೆ ಅದು ಯಹೂದಿಗಳ ಮೆಝೂಝಾ. ಒಳಗೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಹೀಬ್ರೂ ಪವಿತ್ರ ವಾಕ್ಯಗಳಿರುತ್ತವೆ. ಹಾಗೇ ಬಿಟ್ಟರೂ ತೊಂದರೆಯಿಲ್ಲ. ತೆಗೆಯಲೇಬೇಕಾದರೆ ಕಸಕ್ಕೆ ಹಾಕದೆ ಹತ್ತಿರದ ಸಿನಗಾಗಿಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ಕೊಡಿ. ಬ್ರೂಕ್ಲಿನ್ನಿನ ಬರೋ ಪಾರ್ಕ್, ಮಿಡ್‌ವುಡ್ ಕಡೆಯ ಅಡುಗೆಮನೆಗಳಲ್ಲಿ ಎರಡು ಸಿಂಕು ಕಂಡರೆ ಅದು ಐಷಾರಾಮಕ್ಕಲ್ಲ, ಹಾಲಿನ ಪಾತ್ರೆಗೆ ಒಂದು, ಮಾಂಸದ ಪಾತ್ರೆಗೆ ಇನ್ನೊಂದು. ಮಡಿ, ಮುಸುರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಷರ್ ಪಾಲಿಸುವವರ ಜೊತೆ ಮನೆ ಹಂಚಿಕೊಂಡರೆ ಅವರ ಪಾತ್ರೆ, ಸೌಟು, ಸ್ಪಂಜು ಕೇಳದೆ ಮುಟ್ಟಬೇಡಿ. ನಿಮ್ಮ ಅಡುಗೆ ಶುದ್ಧ ಸಸ್ಯಾಹಾರವಾದರೂ ಅಷ್ಟೇ.

ಪೊಟ್ಟಣದ ಗುರುತು

ಕೋಷರ್ ಎಂದರೆ ಸಸ್ಯಾಹಾರ ಅಲ್ಲ. ಹಂದಿ, ಸಿಗಡಿ, ಏಡಿ ಇಲ್ಲ, ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರುವುದಿಲ್ಲ ಎಂಬುದು ಅದರ ಬುಡ. ಆ ಎರಡನೇ ನಿಯಮವೇ ನಮಗೆ ಉಪಕಾರಿ. ವೃತ್ತದೊಳಗೆ ಯು ಅಕ್ಷರವಿರುವ ಗುರುತು ಎಲ್ಲಕ್ಕಿಂತ ಹೆಚ್ಚು ಕಾಣುವುದು. 1923ರಲ್ಲಿ ಹೈನ್ಜ್ ಕಂಪನಿಯ ಸಸ್ಯಾಹಾರಿ ಬೀನ್ಸ್ ಡಬ್ಬಿಯಿಂದ ಅದರ ಪಯಣ ಶುರುವಾಯಿತು. ಗುರುತಿನ ಪಕ್ಕದಲ್ಲಿ ಡಿ ಇದ್ದರೆ ಹಾಲಿನ ಪದಾರ್ಥ, ಅಂದರೆ ಮಾಂಸವಾಗಲಿ ಪ್ರಾಣಿಕೊಬ್ಬಾಗಲಿ ಇಲ್ಲ. ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಅಥವಾ ಪಾರ್ವ್ ಎಂದು ಬರೆದಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಆದರೆ ಮೊಟ್ಟೆ ಮತ್ತು ಮೀನು ಪಾರ್ವ್ ಲೆಕ್ಕದಲ್ಲೇ ಬರುತ್ತವೆ! ಪಿ ಅಕ್ಷರ ಪಾರ್ವ್ ಅಲ್ಲ, ಪಾಸೋವರ್ ಹಬ್ಬಕ್ಕೆ ಸಲ್ಲುತ್ತದೆ ಎಂಬ ಗುರುತು. ಹೊಸಬರು ಹೆಚ್ಚು ಬೇಸ್ತು ಬೀಳುವುದು ಇಲ್ಲೇ. ಬರೀ ಕೆ ಅಕ್ಷರವಿದ್ದರೆ ಅದರ ಹಿಂದೆ ಯಾವ ಸಂಸ್ಥೆ ಇದೆ ಎಂದು ಗೊತ್ತಾಗುವುದಿಲ್ಲ, ಅದನ್ನು ಯಾರೂ ಹಾಕಿಕೊಳ್ಳಬಹುದು.

ಕೀಟಗಳೂ ಕೋಷರ್ ಅಲ್ಲ, ಹಾಗಾಗಿ ಕೀಟದಿಂದ ತೆಗೆಯುವ ಕಾರ್ಮೈನ್ ಎಂಬ ಕೆಂಪು ಬಣ್ಣ ಆ ಗುರುತಿನ ಮೊಸರು, ಮಿಠಾಯಿಗಳಲ್ಲಿ ಇರುವುದಿಲ್ಲ. ಗುರುತಿದ್ದರೂ ಓದಲೇಬೇಕಾದ ಎರಡು ಪದ: ಜೆಲಟಿನ್ ಮತ್ತು ರೆನೆಟ್. ಕೋಷರ್ ಜೆಲಟಿನ್ ಮೀನಿನದೋ, ಕೋಷರ್ ವಿಧಿಯಲ್ಲಿ ಕಡಿದ ದನದ್ದೋ ಇರಬಹುದು. ಚೀಸಿಗೆ ಹಾಕುವ ರೆನೆಟ್‌ನ ಪಕ್ಕ ಮೈಕ್ರೋಬಿಯಲ್ ಎಂದಿದ್ದರೆ ನಿರಾಳ.

ನೀರಿನದೂ ಒಂದು ಸಂಗತಿಯಿದೆ. ನಗರದ ನಲ್ಲಿ ನೀರಿನ ಹೆಚ್ಚಿನ ಪಾಲು ಬೆಟ್ಟದ ಜಲಾಶಯಗಳಿಂದ ಸೋಸದೆಯೇ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಂಡೂ ಕಾಣದ ಸೀಗಡಿ ಜಾತಿಯ ಜೀವಿಗಳಿವೆ ಎಂದು 2004ರಲ್ಲಿ ಸುದ್ದಿಯಾಗಿ, ಸಂಪ್ರದಾಯಸ್ಥ ಯಹೂದಿಗಳಲ್ಲಿ ದೊಡ್ಡ ಚರ್ಚೆ ಎದ್ದಿತು. ಎಷ್ಟೋ ಕೋಷರ್ ಹೋಟೆಲುಗಳು ನಲ್ಲಿಗೆ ಸೋಸುಗ ಹಾಕಿಸಿದವು. ನೀರು ಸೋಸಿ ಕುಡಿಯುವ ಜೈನ ಮನೆಗಳವರು ಇಲ್ಲೂ ಆ ಪದ್ಧತಿ ಬಿಡಬೇಕಾಗಿಲ್ಲ.

ಯಾವ ಅಂಗಡಿಯಲ್ಲಿ ಏನು

ಮೂರು ಬಗೆಯ ಅಂಗಡಿಗಳನ್ನು ಗುರುತಿಟ್ಟುಕೊಳ್ಳಿ. ಡೆಲಿಕಾಟೆಸನ್ ಮಾಂಸದ್ದು. ಹ್ಯೂಸ್ಟನ್ ಸ್ಟ್ರೀಟ್‌ನ ಕ್ಯಾಟ್ಸ್ 1888ರಿಂದ ಹೆಸರಾದದ್ದು ಪಸ್ಟ್ರಾಮಿಗೆ: ದನದ ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸಿ, ಕೊತ್ತಂಬರಿ ಬೀಜ ಮತ್ತು ಕರಿಮೆಣಸು ಮೆತ್ತಿ, ಹೊಗೆಯಾಡಿಸಿ, ಕೊನೆಗೆ ಹಬೆಯಲ್ಲಿ ಬೇಯಿಸಿದ್ದು. ಅದು ಕೋಷರ್ ಅಲ್ಲ, ಶೈಲಿ ಮಾತ್ರ ಯಹೂದಿ. ದನ ತಿನ್ನದವರಿಗೆ ಹಲವು ಡೆಲಿಗಳಲ್ಲಿ ಟರ್ಕಿ ಕೋಳಿಯ ಪಸ್ಟ್ರಾಮಿ ಸಿಗುತ್ತದೆ. ಕ್ಯಾಟ್ಸ್‌ನ ಬಾಗಿಲಲ್ಲಿ ಕೊಡುವ ಚೀಟಿಯನ್ನು ಹೊರಡುವವರೆಗೆ ಜೋಪಾನ ಮಾಡಿ, ಕಳೆದರೆ ದಂಡ.

ಅಪಟೈಸಿಂಗ್ ಅಂಗಡಿ ಮೀನು ಮತ್ತು ಹಾಲಿನದು. ಅದೇ ಬೀದಿಯಲ್ಲಿರುವ ರಸ್ ಅಂಡ್ ಡಾಟರ್ಸ್ 1914ರಲ್ಲಿ ಶುರುವಾದದ್ದು. ಲಾಕ್ಸ್ ಎಂದರೆ ಉಪ್ಪಿನಲ್ಲಿ ಮಾತ್ರ ಊರಿಸಿದ ಸಾಲ್ಮನ್ ಮೀನು, ಬಲು ಉಪ್ಪು. ನೋವಾ ಎಂದರೆ ತಣ್ಣನೆ ಹೊಗೆಯಾಡಿಸಿದ್ದು, ಮೆದು. ಮೊದಲ ಸಲ ನೋವಾ ಕೇಳಿ. ಒಣಮೀನು ಬಲ್ಲ ಕರಾವಳಿಯವರಿಗೆ ಲಾಕ್ಸ್ ಬೇಗ ಹಿಡಿಸುತ್ತದೆ.

ಸಸ್ಯಾಹಾರಿಗಳಿಗೆ ಮೂರನೆಯದು, ಡೇರಿ ಹೋಟೆಲು. ಮಾಂಸ ಒಳಗೆ ಬರುವಂತೆಯೇ ಇಲ್ಲ. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಸೆಕೆಂಡ್ ಅವೆನ್ಯೂನ ಬಿ ಅಂಡ್ ಎಚ್ 1938ರಿಂದ ನಡೆಯುತ್ತಿದೆ: ಉದ್ದ ಕಟ್ಟೆ, ಕೆಲವೇ ಮೇಜು, ಬಾರ್ಲಿ ಅಣಬೆ ಸೂಪು, ಬೀಟ್‌ರೂಟಿನ ಬೋರ್ಶ್ಟ್ ಸಾರು, ಗಿಣ್ಣಿನಂಥ ಚೀಸು ಸುತ್ತಿದ ಬ್ಲಿಂಟ್ಸ್ ಎಂಬ ತೆಳು ದೋಸೆ. ಜೊತೆಗೆ ಕೊಡುವ ಖಲಾ ಬ್ರೆಡ್ಡಿನಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ಬೇಡವಾದವರು ಬೇಕರಿಯಲ್ಲಿ ವಾಟರ್ ಖಲಾ ಕೇಳಬೇಕು. ಮೀನಿನ ಪದಾರ್ಥಗಳೂ ಇರುತ್ತವೆಂಬುದು ನೆನಪಿರಲಿ.

ಕೇಳಲೇಬೇಕಾದ ಒಂದು ಪದ ಶ್ಮಾಲ್ಟ್ಸ್. ಕೋಳಿಕೊಬ್ಬು ಕಾಸಿದ ತುಪ್ಪ ಅದು. ಮಾಂಸದ ಡೆಲಿಯಲ್ಲಿ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಕುಗೆಲ್, ಆಲೂಗಡ್ಡೆ ತುರಿದು ಕರಿದ ಲಾಟ್ಕೆ, ಕಾಶಾ ಎಂಬ ಹುರಿದ ಬಕ್‌ವೀಟ್ ಕಾಳು ನೋಡಲು ಸಸ್ಯಾಹಾರ, ಒಳಗೆ ಶ್ಮಾಲ್ಟ್ಸ್ ಇರಬಹುದು. ಮಾತ್ಸೋ ಎಂಬ ಹುಳಿ ಬರಿಸದ ರೊಟ್ಟಿಯ ಪುಡಿಯಿಂದ ಮಾಡಿದ ಉಂಡೆಯ ಸೂಪು ಕೋಳಿಯದೇ. ಆಲೂಬನ್ನಿನ ಸೋದರಿಯಂತಿರುವ ಕ್ನಿಶ್‌ಗೆ 1910ರಿಂದ ಹ್ಯೂಸ್ಟನ್ ಸ್ಟ್ರೀಟ್‌ನಲ್ಲಿರುವ ಯೋನಾ ಷಿಮ್ಮೆಲ್ ಪ್ರಸಿದ್ಧ. ಎಲ್ಲೇ ಕೊಂಡರೂ ಹಿಟ್ಟಿಗೆ ಯಾವ ಕೊಬ್ಬು ಎಂದು ಕೇಳಿ.

ಲೆಕ್ಸಿಂಗ್ಟನ್ ಅವೆನ್ಯೂನ 27, 28ನೇ ಬೀದಿಗಳ ಬಳಿ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳ ಕಿಟಕಿಯಲ್ಲಿ ಕೋಷರ್ ಪ್ರಮಾಣಪತ್ರ ತೂಗಿರುವುದನ್ನು ಕಾಣುತ್ತೀರಿ. ಯಹೂದಿ ಸಹೋದ್ಯೋಗಿಯನ್ನು ದೋಸೆಗೆ ಕರೆಯಲು ಸುಲಭದ ಜಾಗ. ಪತ್ರದ ಅವಧಿ ಮುಗಿದಿಲ್ಲವೆಂದು ನೋಡಿಕೊಂಡು ಕರೆಯಿರಿ.

ಬೇಗಲ್

ಬೇಗಲ್ ಎಂದರೆ ಕುದಿನೀರಿನಲ್ಲಿ ಅದ್ದಿ ಓವನ್ನಿನಲ್ಲಿ ಬೇಯಿಸಿದ ಬಳೆಯಾಕಾರದ ಬ್ರೆಡ್ಡು. ಸಾದಾ ಬೇಗಲ್‌ನಲ್ಲಿ ಸಾಮಾನ್ಯವಾಗಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಹಳದಿಯಾಗಿರುವ ಎಗ್ ಬೇಗಲ್ ಬೇರೆ. ನ್ಯೂಯಾರ್ಕಿನ ನೀರಿನಿಂದಲೇ ಆ ರುಚಿ ಎಂಬ ಮಾತು ಅರ್ಧ ಜಾಹೀರಾತು, ರುಚಿ ಇರುವುದು ರಾತ್ರಿಯಿಡೀ ತಣ್ಣಗಿಟ್ಟ ಹಿಟ್ಟಿನಲ್ಲಿ ಮತ್ತು ಕುದಿನೀರಿನ ಅದ್ದುವಿಕೆಯಲ್ಲಿ. ಮನೆಯಲ್ಲಿ ಮಾಡುವುದಾದರೆ ಆರು ಬೇಗಲ್‌ಗೆ 500 ಗ್ರಾಂ ಬ್ರೆಡ್ ಹಿಟ್ಟು, 270 ಗ್ರಾಂ ನೀರು, 10 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 15 ಗ್ರಾಂ ಬಾರ್ಲಿ ಮಾಲ್ಟ್ ಪಾಕ. ಮಾಲ್ಟ್ ಸಿಗದಿದ್ದರೆ ಬೆಲ್ಲದ ಪಾಕ ನಡೆಯುತ್ತದೆ, ಬಣ್ಣ ಬರುತ್ತದೆ, ಪರಿಮಳ ಮಾತ್ರ ಬೇರೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಗಟ್ಟಿ, ಹತ್ತು ಹನ್ನೆರಡು ನಿಮಿಷ ನಾದಬೇಕು. 130 ಗ್ರಾಂ ಉಂಡೆಗಳನ್ನು ಗೇಣುದ್ದ ಹೊಸೆದು, ಅಂಗೈಗೆ ಸುತ್ತಿ, ತುದಿಗಳನ್ನು ಒತ್ತಿ ಉರುಳಿಸಿ ಕೂಡಿಸಿ. ಕೋಡುಬಳೆ ಸುತ್ತಿದ ಕೈಗೆ ಕಷ್ಟವಿಲ್ಲ. ಮುಚ್ಚಿ ಫ್ರಿಜ್ಜಿನಲ್ಲಿ 12ರಿಂದ 16 ಗಂಟೆ ಇಡಿ. ಬೆಳಿಗ್ಗೆ ಒಂದನ್ನು ತಣ್ಣೀರಿಗೆ ಬಿಡಿ: ತೇಲಿದರೆ ಸಿದ್ಧ, ಮುಳುಗಿದರೆ ಹೊರಗಿಟ್ಟು ಇನ್ನರ್ಧ ಗಂಟೆ ಕಾಯಿರಿ. ಒಂದು ಚಮಚ ಮಾಲ್ಟ್ ಹಾಕಿದ ಕುದಿನೀರಿನಲ್ಲಿ ಪ್ರತಿ ಬದಿ 30ರಿಂದ 45 ಸೆಕೆಂಡು, ಒದ್ದೆಯಿರುವಾಗಲೇ ಎಳ್ಳು ಗಸಗಸೆ, ಆಮೇಲೆ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 20 ನಿಮಿಷ.

ಗೋಧಿ ಹಿಟ್ಟು ಹಾಕಿದರೆ ಕಲ್ಲು. ಕುದಿಸದಿದ್ದರೆ ತೂತಿರುವ ಬನ್ನು. ಹೆಚ್ಚು ಹೊತ್ತು ಕುದಿಸಿದರೆ ಸಿಪ್ಪೆ ಚರ್ಮದಂತೆ ಜಗಿಯುತ್ತದೆ, ಉಬ್ಬಲು ಬಿಟ್ಟದ್ದು ಜಾಸ್ತಿಯಾದರೆ ನೀರಿಗೆ ಬಿದ್ದೊಡನೆ ಮುದುಡುತ್ತದೆ. ಬಾಡಿಗೆ ಮನೆಯ ಹಳೆ ಗ್ಯಾಸ್ ಓವನ್ನಿನ ಅಂಕಿಯನ್ನು ನಂಬದೆ ಒಳಗೊಂದು ಉಷ್ಣಮಾಪಕ ಇಡಿ.

ಅಂಗಡಿಯಲ್ಲಿ ಕೊಳ್ಳುವಾಗ ಎರಡು ಲೆಕ್ಕ. ಕತ್ತರಿಸದ ಬೇಗಲನ್ನು ಮನೆಗೆ ಒಯ್ದರೆ ಮಾರಾಟ ತೆರಿಗೆಯಿಲ್ಲ. ಕತ್ತರಿಸಿ ಬೆಣ್ಣೆ ಸವರಿ ಕೊಟ್ಟರೆ ಶೇ 8.875 ಬೀಳುತ್ತದೆ. ಇನ್ನೊಂದು ಗಸಗಸೆಯದು. ಕೆಲಸಕ್ಕೆ ಸೇರುವ ಮುನ್ನ ಮಾದಕ ವಸ್ತು ಪರೀಕ್ಷೆಯಿದ್ದರೆ ಕೆಲವು ದಿನ ಗಸಗಸೆ ಬೇಗಲ್ ಬಿಡಿ, ಮೂತ್ರದಲ್ಲಿ ಅಫೀಮಿನ ಅಂಶ ಕಾಣಿಸಬಹುದು. ದುಬೈ ಮಾರ್ಗವಾಗಿ ಮಂಗಳೂರಿಗೆ ಹೋಗುವವರು ಅದನ್ನು ಚೀಲದಲ್ಲಿ ಒಯ್ಯಲೇಬೇಡಿ, ಅಲ್ಲಿ ಗಸಗಸೆ ನಿಷಿದ್ಧ.

ಬಿಯಾಲಿ ಎಂಬುದು ಬೇಗಲ್‌ನ ದಾಯಾದಿ. ತೂತಿನ ಬದಲು ಗುಳಿ, ಅದರಲ್ಲಿ ಈರುಳ್ಳಿ, ಕುದಿಸುವುದಿಲ್ಲ. ಗ್ರ್ಯಾಂಡ್ ಸ್ಟ್ರೀಟ್‌ನ ಕೋಸಾರ್ಸ್ 1936ರಿಂದ ಮಾಡುತ್ತಿದೆ. ಬಿಸಿಯಿರುವಾಗಲೇ ತಿನ್ನಬೇಕು, ಸಂಜೆಗೆ ಅದು ರಬ್ಬರು. ಎಗ್ ಕ್ರೀಮ್ ಎಂಬ ಹೆಸರು ಕೇಳಿ ಬೆದರಬೇಡಿ, ಅದರಲ್ಲಿ ಮೊಟ್ಟೆಯೂ ಇಲ್ಲ, ಕ್ರೀಮೂ ಇಲ್ಲ. ಎತ್ತರದ ಲೋಟಕ್ಕೆ ಎರಡು ಚಮಚ ಚಾಕೊಲೇಟ್ ಪಾಕ, ಕಾಲು ಭಾಗ ತಣ್ಣನೆ ಹಾಲು, ಮೇಲಿಂದ ಸೋಡಾ ಸುರಿಯುತ್ತ ತಳದಿಂದ ಜೋರಾಗಿ ಕಲಕಿದರೆ ಬಿಳಿ ನೊರೆ ಏಳುತ್ತದೆ.

ಶುಕ್ರವಾರ ಸಂಜೆ, ಹಬ್ಬದ ದಿನ

ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನಕ್ಕಾಗಿ ಶುಕ್ರವಾರ ಸೂರ್ಯ ಮುಳುಗುವ ಮುನ್ನ ಕೋಷರ್ ಅಂಗಡಿಗಳು ಬಾಗಿಲು ಹಾಕಿ, ಶನಿವಾರ ಕತ್ತಲಾದ ಮೇಲೆಯೋ ಭಾನುವಾರವೋ ತೆರೆಯುತ್ತವೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೇ ಮುಚ್ಚಿದರೂ ಆಶ್ಚರ್ಯವಿಲ್ಲ. ಎಲ್ಡ್ರಿಜ್ ಸ್ಟ್ರೀಟ್‌ನ 1887ರ ಸಿನಗಾಗನ್ನು ನೋಡಲು ಹೋಗುವವರೂ ಶನಿವಾರ ತಪ್ಪಿಸಿ. 20 ವರ್ಷದ ಜೀರ್ಣೋದ್ಧಾರ 2007ರಲ್ಲಿ ಮುಗಿಯಿತು. ಅಗ್ಗದ ಮರಕ್ಕೆ ಓಕ್ ಮರದ ಎಳೆಗಳನ್ನು ಬಣ್ಣದಲ್ಲೇ ಬರೆದ ಕೈಚಳಕ ಅಲ್ಲಿದೆ. ನೆಲದ ಹಲಗೆಯಲ್ಲಿ ಪ್ರಾರ್ಥನೆಗೆ ನಿಂತವರ ಪಾದಗಳು ಕೊರೆದ ಗುಳಿಗಳೂ ಇವೆ.

ಸಂಪ್ರದಾಯಸ್ಥರ ಮನೆಗೆ ಕರೆದರೆ ಕೈಯಾರೆ ಮಾಡಿದ ಮೈಸೂರುಪಾಕು ಒಯ್ಯಬೇಡಿ. ನಿಮ್ಮ ಅಡುಗೆಮನೆ ಕೋಷರ್ ಅಲ್ಲ, ಅವರು ತಿನ್ನುವಂತಿಲ್ಲ, ನಿರಾಕರಿಸಲೂ ಅವರಿಗೆ ಮುಜುಗರ. ತುಪ್ಪವಿರುವ ಸಿಹಿ ಮಾಂಸದೂಟದ ನಂತರ ಹೇಗೂ ಸಲ್ಲದು, ಹಲವರು ಆರು ಗಂಟೆ ಕಾಯುತ್ತಾರೆ. ಕತ್ತರಿಸದ ಹಣ್ಣು, ಹೂವು ಸಾಕು. ಪಾಸೋವರ್‌ನ ಎಂಟು ದಿನ ಬ್ರೆಡ್ಡು ಬೇಡವೇ ಬೇಡ. ಪೂರ್ವ ಯುರೋಪಿನ ಮೂಲದ ಹಲವು ಮನೆಗಳಲ್ಲಿ ಅಕ್ಕಿ, ಬೇಳೆಯೂ ಇಲ್ಲ. ಆಗ ತಿನ್ನುವ ಮಾತ್ಸೋ ಹಿಟ್ಟು, ನೀರು ಎರಡರದೇ ರೊಟ್ಟಿ. ನೀರು ಬಿದ್ದ 18 ನಿಮಿಷದೊಳಗೆ ಒಲೆಗೆ ಹೋಗಿ ಬೇಯಬೇಕು.

ಶರತ್ಕಾಲದಲ್ಲಿ ಸುಕೋತ್ ಎಂಬ ಚಪ್ಪರದ ಹಬ್ಬ ಬಂದಾಗ ವಿಲಿಯಮ್ಸ್‌ಬರ್ಗ್‌ನ ದಕ್ಷಿಣ ಭಾಗದ ಅಪಾರ್ಟ್‌ಮೆಂಟುಗಳನ್ನು ತಲೆಯೆತ್ತಿ ನೋಡಿ. ಬಾಲ್ಕನಿಗಳು ಒಂದರ ಮೇಲೊಂದು ಇಲ್ಲ, ಒಂದು ಮಹಡಿಯದು ಎಡಕ್ಕೆ, ಮೇಲಿನದು ಬಲಕ್ಕೆ ಸರಿದಿರುತ್ತವೆ. ಏಳು ದಿನ ಊಟ ಮಾಡುವ ಚಪ್ಪರದ ಮೇಲೆ ಆಕಾಶವೇ ಇರಬೇಕು, ನೆರೆಯವರ ಬಾಲ್ಕನಿ ಅಡ್ಡ ಬರಬಾರದು ಎಂಬ ಕಾರಣಕ್ಕೆ ವಾಸ್ತುಶಿಲ್ಪಿಗಳು ಹಾಗೆ ಎಳೆದ ನಕ್ಷೆ ಅದು. ಚಪ್ಪರದ ಮಾಡು ನೆಲದಿಂದ ಕಡಿದ ಗಿಡದ್ದೇ ಆಗಬೇಕು, ಬಿದಿರು, ಗರಿ, ರೆಂಬೆ; ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಹಬ್ಬ ಮುಗಿದ ಮೇಲೆ ಒಳ್ಳೆಯ ಬಿದಿರಿನ ಗಳಗಳನ್ನು ಅಗ್ಗಕ್ಕೆ ಕೊಡುವವರಿರುತ್ತಾರೆ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹಸಿರು ಚಪ್ಪರ ಹಾಕುವವರು ಆ ವಾರ ವಿಚಾರಿಸಿ ಕೊಂಡಿಟ್ಟುಕೊಳ್ಳಬಹುದು.